ಹುಲ್ಲಿನಲ್ಲೊಂದು ರುಜು

ಹತ್ತೊಂಬತ್ತು ಪದ ಟೈಪು ಮಾಡಿದ್ದೆ. ಎಣಿಸಿದ್ದು ಆಮೇಲೆ,
ವಕೀಲರು ಕೇಳಿದಾಗ.
ಜಿಂಕೆ, ಹಿಂತಿರುಗಿ ನೋಡುವ ಕತ್ತು, ಹುಣ್ಣಿಮೆ, ಹಳದಿ ಅಂಚು,
ಹಳೇ ಮೈಸೂರಿನ ಬತ್ತಿ ಪೊಟ್ಟಣದ ಹಾಗೆ, ಅಂತೇನೋ.
ಎಂಟರ್ ಒತ್ತಿ ಟೀ ಲೋಟ ಎತ್ತುವಷ್ಟರಲ್ಲಿ
ನಾಲ್ಕು ಜಿಂಕೆ ಬಂದು ನಿಂತವು
ಮಂಡಿ ಮೊಹಲ್ಲಾದ ನಮ್ಮ ಪ್ರೆಸ್ಸಿನೊಳಗೆ.
ಮೂರಕ್ಕೆ ಕಾಲಿನ ಲೆಕ್ಕ ತಪ್ಪಿತ್ತು.
ನಾಲ್ಕನೆಯದಕ್ಕೆ ಪಟ್ಟಾಭಿ ಶೆಟ್ರು
"ಇದೇ ಕಣಮ್ಮ ಶಾಕಿರಾ" ಅಂದರು.
ಹತ್ತು ಸಾವಿರ ಪೊಟ್ಟಣ ಅಚ್ಚಾಯಿತು.

ದಸರೆಗೆ ಮೊದಲೇ
ಈರನಗೆರೆಯ ಇನ್ನೊಬ್ಬರ ಬತ್ತಿಯ ಮೇಲೆ
ಅದೇ ಜಿಂಕೆ. ಅದೇ ಕತ್ತು. ಚಂದ್ರ ಮಾತ್ರ
ಒಂದು ನೂಲು ಎಡಕ್ಕೆ.

ಸಾಕ್ಷಿಗಿರಲಿ ಅಂತ ನನ್ನನ್ನೂ ಕರೆದೊಯ್ದರು.
"ಬರೆದವರು ಯಾರು?" ವಕೀಲರು.
"ದುಡ್ಡು ಕಟ್ಟಿದವನು ನಾನು." ಶೆಟ್ರು.
"ಟೈಪು ಮಾಡಿದ್ದು ನಾನು."
ಇದು ನನ್ನ ಬಾಯಿಂದ ಹೇಗೆ ಬಂತೋ.
"ಅದಲ್ಲ ನಾನು ಕೇಳಿದ್ದು. ಬರೆದವರು?"
ಫ್ಯಾನು ಒಂದಷ್ಟು ಹೊತ್ತು ತಿರುಗಿತು.
ಕಾಯ್ದೆ ಇನ್ನೂ ತಲೆ ಕೆರೆದುಕೊಳ್ಳುತ್ತಿದೆ ಅಂದರು.
ಫೀಸು ಕೆರೆದುಕೊಳ್ಳಲಿಲ್ಲ.

ರಾತ್ರಿ ಫೈಲು ತೆರೆದು ಎಂಟು ಪಟ್ಟು ಹಿಗ್ಗಿಸಿದೆ.
ಜಿಂಕೆಯ ಹಿಂಗಾಲ ಬಳಿ, ಹುಲ್ಲಿನೊಳಗೆ,
ಅಕ್ಷರವಲ್ಲದ ಒಂದು ಅಕ್ಷರ.
ತಲೆಕಟ್ಟು ಇದೆ, ಕೆಳಗೆ ಸುತ್ತು ಮುಗಿದಿಲ್ಲ.
ಚಾಪೆ ಸುತ್ತಿಟ್ಟ ಮೇಲೂ
ಮಲಗಿದ್ದವರ ಬೆನ್ನಲ್ಲಿ ಉಳಿಯುವ ಗೆರೆಯ ಹಾಗೆ.

ಎಲ್ಲಿ ನೋಡಿದ್ದೆ ಇದನ್ನು? ಬೀರುವಿನ ತಳದ ಹಳೇ ಕಟ್ಟಿನಲ್ಲಿ.
ರಂಗದಾಸ ರಾಜುಗಳು ಅಳಿಲು ಕೂದಲ ಕುಂಚದಲ್ಲಿ
ಬರೆದುಕೊಟ್ಟ ಲೇಬಲ್ಲುಗಳು:
ನಲವತ್ತು ರೂಪಾಯಿ, ಒಂದು ಕಟ್ಟು ಬತ್ತಿ, ಲೆಕ್ಕ ಚುಕ್ತಾ.
ಹೆಸರು ಹಾಕಕೂಡದು ಅಂದಿದ್ದರಂತೆ ಆಗಿನ ಧಣಿ.
ಅವರು ಹಾಕಲಿಲ್ಲ. ಪ್ರತಿ ಚಿತ್ರದ ಹುಲ್ಲಿನಲ್ಲೂ
ಒಂದು 'ರ' ಬಚ್ಚಿಟ್ಟರು, ಎಳೆಯಷ್ಟೇ ಸಣ್ಣಕ್ಕೆ.
ಬತ್ತಿ ಉರಿದು ಹೋಯಿತು, ಪೊಟ್ಟಣ ಉಳಿಯಿತು,
ಯಾರೋ ಫೋಟೋ ತೆಗೆದರು, ಎಲ್ಲಿಗೋ ಸೇರಿಸಿದರು.
ಹುಲ್ಲೆಂದರೆ ಹೀಗೇ ಬೆಳೆಯುತ್ತದೆ ಅಂತ ಯಂತ್ರ ಕಲಿತಿರಬೇಕು.
ಇರಬಹುದು. ಇಲ್ಲದಿರಬಹುದು.
ಕೋರ್ಟಿನಲ್ಲಿ ನಾನು ಪ್ರಮಾಣ ಮಾಡಲಾರೆ.

ಅಮ್ಮಿ ಸಾವಿರಕ್ಕಿಷ್ಟು ಅಂತ ಬತ್ತಿ ಹೊಸೆದವಳು.
ಹೊಸೆದೂ ಹೊಸೆದೂ ಬೆರಳು ಸವೆದು
ರೇಷನ್ ಅಂಗಡಿಯ ಮಿಷನ್ನಿಗೆ ಅವಳ ಹೆಬ್ಬೆಟ್ಟು ಹತ್ತುವುದಿಲ್ಲ.
"ಒರೆಸಿ ಒತ್ತಮ್ಮ" ಅನ್ನುತ್ತಾನೆ ಹುಡುಗ.
ಒರೆಸುತ್ತಾಳೆ. ಒತ್ತುತ್ತಾಳೆ.
ಊರ ದೇವರ ಮನೆಗಳ ಹೊಗೆಯಲ್ಲಿ ಅವಳ ಗುರುತು ಎಲ್ಲಿದೆ ಅಂತ
ಯಾರೂ ಹಿಗ್ಗಿಸಿ ನೋಡಿದವರಿಲ್ಲ. ನಾನೂ.

ಬೆಳಿಗ್ಗೆ ಶೆಟ್ರು:
"ಆ ಹುಲ್ಲಲ್ಲೇನೋ ಕೊಳೆ ಐತಲ್ಲ, ಅಳಿಸಿಬಿಡು.
ನಮ್ಮದೇ ಬೇರೆ ಅಂತ ಕಾಣಬೇಕು."
ಅದರ ಮೇಲೆ ಕರ್ಸರು ತಂದು ನಿಲ್ಲಿಸಿದೆ.
ಜಿಂಕೆ ಹಿಂತಿರುಗಿ ನೋಡುತ್ತಿತ್ತು.
ಹಾಗೇ ನೋಡು ಅಂತ ಕೇಳಿದವಳು ನಾನೇ ತಾನೆ.
ಚಂದ್ರನನ್ನು ಒಂದು ನೂಲು ಬಲಕ್ಕೆ ಸರಿಸಿ
ಪ್ಲೇಟಿಗೆ ಕಳಿಸಿದೆ.