ಬಲಗಡೆ, ಕೆಳಗಿನ ಆರನೆಯದು

ಬಾಯಿ ತೆರೆಯಿರಿ ಐತಪ್ಪಣ್ಣ, ಅಂದಳು ಡಾಕ್ಟರು ರಂಸೀನ,
ಅರ್ಧ ಕನ್ನಡ, ಅರ್ಧ ಮಲಯಾಳ.
ತೆರೆದೆ.
ತಗಡಿನ ತಟ್ಟೆಯಿಲ್ಲ, ಹಿಟ್ಟಿನಂಥ ತಣ್ಣನೆ ಮುದ್ದೆಯಿಲ್ಲ,
ಗಂಟಲಿಗೆ ಉಕ್ಕಿ ಬರುವ ವಾಕರಿಕೆಯೂ ಇಲ್ಲ.
ಟಾರ್ಚಿನ ದಪ್ಪದ ಒಂದು ಕೋಲು, ತುದಿಯಲ್ಲಿ ಬೆಳಕು,
ಹಲ್ಲಿಂದ ಹಲ್ಲಿಗೆ ಸುಮ್ಮನೆ ನಡೆಯಿತು,
ಕತ್ತಲೆ ಓಣಿಯಲ್ಲಿ ಮನೆ ನಂಬರು ಹುಡುಕುವವರ ಹಾಗೆ.

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಚಪ್ಪಲಿ ಅಂಗಡಿಯ ಮೇಲೆ, ಹದಿನಾಲ್ಕು ಮೆಟ್ಟಿಲು ಹತ್ತಿದರೆ
ನನ್ನ ಕೋಣೆ.
ಮೇಣ, ಸ್ಪಿರಿಟ್ ದೀಪ, ಪ್ಲಾಸ್ಟರಿನ ಧೂಳು.
ಮೂವತ್ತೆಂಟು ವರ್ಷ ಹಲ್ಲು ಮಾಡಿದೆ,
ಒಂದು ಬಾಯನ್ನೂ ನೋಡಿದವನಲ್ಲ.
ಅಚ್ಚುಗಳು ಬಸ್ಸಿನಲ್ಲಿ ಬರುತ್ತಿದ್ದವು —
ಮುಳ್ಳೇರಿಯದ್ದು, ಬದಿಯಡ್ಕದ್ದು, ಉಪ್ಪಳದ್ದು —
ಒದ್ದೆ ಬಟ್ಟೆ ಸುತ್ತಿಕೊಂಡು, ಬಿಸ್ಕತ್ತಿನ ಡಬ್ಬಿಯಲ್ಲಿ,
ಡ್ರೈವರನ ಕಾಲ ಬುಡದಲ್ಲಿ.
ಚೀಟಿಯಲ್ಲಿ ಹೆಸರಿಲ್ಲ. ನಂಬರು.

ತುಳುವಿನಲ್ಲಿ ಹಲ್ಲಿಗೆ ಕೂಲಿ ಅನ್ನುತ್ತೇವೆ.
ಕೂಲಿಗೆ ಕೂಲಿ ಮಾಡುವವ ನೀನೊಬ್ಬನೇ ಅಂತ
ಕೆಳಗಿನ ಚಪ್ಪಲಿಯ ಕುಞ್ಞಂಬು ನಗುತ್ತಿದ್ದ.
ನಗಲಿಕ್ಕೆ ಮುಂದಿನ ನಾಲ್ಕು ಕೊಟ್ಟದ್ದೂ ನಾನೇ.

ಒಮ್ಮೆ ಚೆರ್ಕಳದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ,
ಎದುರು ಕೂತ ಹೆಂಗಸು ಯಾವುದಕ್ಕೋ ಗೊಳ್ಳೆಂದಳು.
ಎಡ ಕೋರೆ ಕೂದಲೆಳೆಯಷ್ಟು ವಾರೆ.
ನಾನೂರ ಹದಿನೇಳು!
ನೇರ ಇಟ್ಟರೆ ಸುಳ್ಳಾಗಿ ಕಾಣುತ್ತದೆ ಅಂತ
ಬೇಕೆಂದೇ ನಾನಿಟ್ಟ ವಾರೆ ಅದು.
ಪಾಯಸದವನು ಬಂದ. ನಾನು ಎಲೆ ನೋಡಿದೆ.
ಹೇಳುವುದಾದರೂ ಏನಂತ?

ಪರದೆಯ ಮೇಲೆ ಈಗ ನನ್ನ ಬಾಯಿ ತಿರುಗುತ್ತಿದೆ,
ಹೊಳೆ ನಡುವಿನ ಕುದುರನ್ನು ಹಕ್ಕಿ ಕಂಡ ಹಾಗೆ.
ಒಸಡಿನ ದಂಡೆ. ಸವೆದ ಕಲ್ಲುಗಳು.
ಬಲಗಡೆ, ಕೆಳಗಿನ ಆರನೆಯದು,
ಹಲಸಿನ ಬೀಜ ಕಡಿದು ಮುರಿದದ್ದು, ಬೇರು ತೊಳೆಸಿ ಉಳಿಸಿದ ಗೂಟ.
ಮತ್ತೆ ಮುಂದಿನ ಹಲ್ಲಿನ ಅಂಚಿಗೆ ಸಣ್ಣದೊಂದು ಕಚ್ಚು:
ಇಷ್ಟು ವರ್ಷ ಕುಂಚ ಕಚ್ಚಿಕೊಂಡ ಜಾಗ.
ಕನ್ನಡಿ ಯಾವತ್ತೂ ಹೇಳಿರಲಿಲ್ಲ.

ಇನ್ನಿದು ಕೊಚ್ಚಿಗೆ ಹೋಗುತ್ತದೆ, ಅಂದಳು.
ಯಾವ ಬಸ್ಸಿಗೆ?
ಹೋಗಿ ಆಯ್ತು.

ನಾಲ್ಕನೆಯ ದಿನ ಹಲ್ಲು ಬಂತು.
ಕೂರಿಸಿ, ಕಚ್ಚಿ ನೋಡಿ ಅಂದಳು.
ನಾಲಗೆಯಿಂದ ತಪ್ಪು ಹುಡುಕಿದೆ, ಅಂಚು ಅಂಚಿನಲ್ಲಿ,
ಕಳ್ಳ ಬಾಗಿಲು ಬಾಗಿಲು ತಳ್ಳಿ ನೋಡಿದ ಹಾಗೆ.
ಎಲ್ಲ ಭದ್ರ.
ತಲಪಾಡಿ, ತಳಂಗರೆ, ತೆಕ್ಕಿಲು ಅಂತ ಹೇಳಿ ನೋಡಿದೆ —
ಅರೆಯುವ ಹಲ್ಲಿಗೂ ತಕಾರಕ್ಕೂ ಸಂಬಂಧವಿಲ್ಲ, ನನಗೆ ಗೊತ್ತು,
ಆದರೂ.
ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ.
ಮನೆಯಲ್ಲಿ ಮರಳಲ್ಲಿ ಹೂತಿಟ್ಟ ಹಲಸಿನ ಬೀಜ ನೆನಪಾಗಿ
ಸಂತೋಷವೂ ಆಯಿತು.

ತುಂಬ ಬಿಳಿ, ಅಂದೆ ಕೊನೆಗೆ.
ವೀಳ್ಯ ಜಗಿಯುವ ನೆರೆಕರೆಯವರ ನಡುವೆ
ಹೊಸ ಅಂಗಿ ಹಾಕಿ ಕೂತ ಅಳಿಯನ ಹಾಗೆ.
ನಕ್ಕಳು. ಹಲ್ಲನ್ನು ತೆಗೆದು ಅಂಗೈಗಿಟ್ಟಳು.
ಒಳಗಿಂದ ಬಣ್ಣದ ಬಿಲ್ಲೆ, ಮೂರೆಳೆಯ ಕುಂಚ ತಂದು
ನೀವೇ ಬರೆಯಿರಿ, ಸುಟ್ಟು ಕೊಡುತ್ತೇನೆ, ಅಂದಳು;
ಮೂಲೆಯಲ್ಲಿ ಕುಕ್ಕರಿನಷ್ಟೇ ಒಂದು ಕುಲುಮೆ.

ಕನ್ನಡಕ ಏರಿಸಲು ಕುಂಚ ಕಚ್ಚಿ ಹಿಡಿದೆ,
ಅದು ತಾನಾಗಿ ಹೋಗಿ ತನ್ನ ಕಚ್ಚಿನಲ್ಲಿ ಕೂತಿತು.
ಕುಳಿಯ ನಡುವೆ ಒಂದು ಕಂದು ಗೆರೆ ಎಳೆದೆ,
ಬೇಸಗೆಯ ಚಂದ್ರಗಿರಿಯಷ್ಟು ತೆಳ್ಳಗೆ.
ಯಾರೂ ನೋಡದ ಜಾಗ.
ಬಾಯಿಗೆ ಹೋದ ಮೇಲೆ ನಾನೂ ನೋಡಲಾರೆ.

ಹೊರಗೆ ಬೆಂಚಿನ ಮೇಲೆ ಟೋಕನು ಇಪ್ಪತ್ತಮೂರು
ಕೆನ್ನೆ ಒತ್ತಿ ಹಿಡಿದು ಕೂತಿತ್ತು.
ನೋಯುತ್ತದಾ ಅಣ್ಣ, ಅಂತ ಅವಳು.
ನಿಮ್ಮ ಹೆಸರೇನು, ಅಂತ ನಾನು.