ಹಳದಿ ತ್ರಿಕೋನ

ಇಪ್ಪತ್ತನೇ ತಾರೀಕು, ರಾತ್ರಿ ಒಂಬತ್ತೂವರೆ.
ಐಸ್ ಪ್ಲಾಂಟಿನ ಹಮ್ಮಬ್ಬರ ಜಿಎಸ್‌ಟಿ ಲೆಕ್ಕ
ಪೈಸೆ ಪೈಸೆ ಕೂಡಿಸಿ ಇಟ್ಟಿದ್ದೇನೆ,
ಇನ್ನು ಒಂದು ಗುಂಡಿ ಒತ್ತಿದರೆ ಮುಗಿಯಿತು.
ಒತ್ತಿದೆ.
ಚಕ್ರ ತಿರುಗಿತು, ತಿರುಗುತ್ತಲೇ ಇತ್ತು
ಅಕ್ಕಿ ಹಾಕದ ಗ್ರೈಂಡರಿನ ಹಾಗೆ.

ಮೂಲೆಯಲ್ಲೊಂದು ಹಳದಿ ತ್ರಿಕೋನ.
'ಸಂಪರ್ಕವಿದೆ. ಇಂಟರ್‌ನೆಟ್ ಇಲ್ಲ.'
ಇದೆಂಥ ಮಾತು ಮಾರಾಯ್ರೆ,
ಬಸ್ಸುಂಟು, ಸೀಟುಂಟು, ಡ್ರೈವರ್ ಇಲ್ಲ ಎಂದ ಹಾಗೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ:
ರೌಟರ್ ಆಫ್. ನೂರು ಎಣಿಸುವುದು. ಆನ್.
ಎಣಿಕೆ ನನಗೆ ಇನ್ನೂ ತುಳುವಿನಲ್ಲೇ,
ಒಂಜಿ, ರಡ್ಡ್, ಮೂಜಿ...
ಅಮ್ಮನ ಬೀಡಿಯ ಲೆಕ್ಕ, ಇಪ್ಪತ್ತೈದಕ್ಕೊಂದು ಕಟ್ಟು,
ನಾಲ್ಕು ಕಟ್ಟಾಗುವಾಗ ದೀಪಗಳೆಲ್ಲ ಹಸಿರು.
ತ್ರಿಕೋನ ಮಾತ್ರ ಹಳದಿ.

'ಈ ನೆಟ್‌ವರ್ಕ್ ಮರೆತುಬಿಡಿ ಅಂತ ಇದೆ ನೋಡಿ, ಒತ್ತಿ ಮೇಡಂ,'
ಸಹಾಯವಾಣಿಯ ಹುಡುಗ, ಘಟ್ಟದ ಮೇಲಿನ ಕನ್ನಡ.
ಒತ್ತಿದೆ. ಮರೆತೇಬಿಟ್ಟಿತು,
ಎರಡು ಸೆಕೆಂಡೂ ಬೇಕಾಗಲಿಲ್ಲ.
'ಈಗ ಪಾಸ್‌ವರ್ಡ್ ಹಾಕಿ.'

ಪಾಸ್‌ವರ್ಡ್ ಗೊತ್ತಿರುವುದು ಇವರಿಗೆ.
ಮಹಡಿಯ ಹುಡುಗರು ಕದ್ದು ಕ್ರಿಕೆಟ್ ನೋಡುತ್ತಾರೆಂದು
ಮೊನ್ನೆ ಮೊನ್ನೆ ಬದಲಿಸಿದ್ದು.
ಇವರೂ ನಾನೂ ಮಾತು ಬಿಟ್ಟು ಹನ್ನೊಂದು ದಿನ.
ಊಟ ಮುಚ್ಚಿಡುತ್ತೇನೆ, ಬಟ್ಟಲು ತೊಳೆದಿಡುತ್ತಾರೆ,
ಉಳಿದ ವಿಷಯವೆಲ್ಲ ಫ್ರಿಜ್ಜಿನ ಬಾಗಿಲ ಸದ್ದಿನಲ್ಲಿ.
ಕಾರಣ: ಕೇಳದೆ ಹೇಳದೆ ತಂದು
ಓಣಿಯ ಬಾಗಿಲಿಗೆ ಅಡ್ಡ ಇಟ್ಟ ಮೀನಿನ ಟ್ಯಾಂಕು.
ಧಕ್ಕೆಯಲ್ಲಿ ಇಪ್ಪತ್ತು ವರ್ಷ ಮೀನು ತೂಗಿದ ಮನುಷ್ಯನಿಗೆ
ತಿನ್ನಲಿಕ್ಕಾಗದ ಮೀನು ಯಾಕೆ?

ಹತ್ತು ಗಂಟೆಗೆ ಹೋಗಿ ಕೇಳಿದೆ, ಗೋಡೆಗೆ ಕೇಳಿದ ಹಾಗೆ.
'ಬಂಗುಡೆ,' ಎಂದರು. 'ಬಿ ದೊಡ್ಡದು.'
'ಯು ಒಂದಾ, ಎರಡು ಓವಾ?'
'ಯು. ಮತ್ತೆ ಆ ದಿನದ ರೇಟು.'
'ಯಾವ ದಿನದ್ದು?'
'ನೀನು ಪುಳಿಮುಂಚಿ ಅಡಿ ಹಿಡಿಸಿದ ದಿನದ್ದು. ಇನ್ನೂರ ನಲವತ್ತು.'
ನಗು ಬಂತು. ಕೆಮ್ಮಿದೆ.

ಹಾಕಿದೆ. ಹಿಡಿಯಿತು. ಒಂದೇ ಗೆರೆ.
ಮತ್ತೆ ತ್ರಿಕೋನ.

ಜೆಪ್ಪುವಿನ ನೌಶೀರ್‌ಗೆ ಫೋನ್ ಹಚ್ಚಿದೆ,
ಪಾಪ, ಊಟಕ್ಕೆ ಕೂತಿದ್ದ.
'ವಾರಿಜಕ್ಕ, ಚಾವಡಿಯಲ್ಲಿ ಫೋನಿಗೆ ಸಿಗ್ತದಾ?'
ಸಿಗ್ತದೆ.
'ಹಾಗಾದ್ರೆ ನಮ್ಮ ಲೈನ್ ಸರಿ ಉಂಟು. ನಡುವೆ ನೀರು ಎಂತಾದ್ರೂ ಉಂಟಾ?'
ನೀರಾ? ಈಚೆ ನೇತ್ರಾವತಿ, ಆಚೆ ಕಡಲು,
ಬೋಳಾರದಲ್ಲಿ ನಿಂತವಳನ್ನು ಕೇಳುವ ಪ್ರಶ್ನೆಯೇ ಇದು?
'ಮನೆಯೊಳಗೆ ಅಕ್ಕ, ಮನೆಯೊಳಗೆ.
ನೀರು ಸಿಗ್ನಲ್ ಕುಡಿತದೆ.'

ತಿರುಗಿ ನೋಡಿದೆ.
ಇನ್ನೂರು ಲೀಟರ್ ನಿಂತು ಕುಡಿಯುತ್ತಿತ್ತು.
ಕಿತ್ತಳೆ ಬಣ್ಣದ್ದೊಂದು ನನ್ನನ್ನೇ ನೋಡಿ
ಬಾಯಿ ತೆರೆಯಿತು, ಮುಚ್ಚಿತು.

ರೌಟರನ್ನು ಕಪಾಟಿನ ತಲೆಗೆ ಏರಿಸಬೇಕು,
ಟ್ಯಾಂಕಿಗಿಂತ ಎರಡು ಮೊಳ ಮೇಲೆ.
ಸ್ಟೂಲ್ ಎಳೆದೆ. ಮೂರು ಕಾಲು ನೆಟ್ಟಗೆ, ಒಂದು ಅಲ್ಲಾಡುವುದು.
ಹತ್ತಿದ ಮೇಲೆ ಅಲ್ಲಾಡಲಿಲ್ಲ.
ಕೆಳಗೆ ಬಗ್ಗಿ ನೋಡಲಿಲ್ಲ ನಾನು;
ಯಾರ ಕೈ ಎಂದು ಬೀಡಿಯ ವಾಸನೆಗೇ ಗೊತ್ತಾಯಿತು.

ಹನ್ನೊಂದು ಐವತ್ತೆರಡಕ್ಕೆ ಹಮ್ಮಬ್ಬರ ಲೆಕ್ಕ ದಾಟಿತು.
'ಬಂತಾ?' ಎಂದರು.
'ಬಂತು,' ಎಂದೆ.

ನೀರಿನ ವಿಷಯ ಹೇಳಲಿಲ್ಲ.
ಹಲಸಿನ ಸೊಳೆಯ ಭರಣಿಯಲ್ಲಿ ಉಪ್ಪು ಹಾಕಿ ಇಟ್ಟಿದ್ದೇನೆ,
ಮುಂದಿನ ಜಗಳಕ್ಕೆ ತೆಗೆದರಾಯಿತು,
ಕೆಡುವ ವಸ್ತುವಲ್ಲ.