ತೂಕದ ಚೀಟಿ

ಅಮ್ಘರಾದ ಗುಜರಿ ಅಂಗಳದಲ್ಲಿ
ಬೇಸಿಗೆಯ ಮೂರು ತಿಂಗಳು, ಹನ್ನೊಂದರಿಂದ ನಾಲ್ಕರವರೆಗೆ
ಬಿಸಿಲಿಗಿಳಿಸಿ ದುಡಿಸುವಂತಿಲ್ಲ, ಕುವೈತಿನ ಕಾನೂನು.
ಆ ಐದು ಗಂಟೆ
ಸತ್ತ ಲಾರಿಯೊಂದರ ಹೊಟ್ಟೆಯಡಿ ಚಾಪೆ ಹಾಸಿ
ನಾವು ನಾಲ್ವರು, ಒಂದು ನೀರಿನ ಕ್ಯಾನು,
ಮತ್ತೆ ಅದೇ ಹಳೆಯ ಜಗಳ:
ಯುದ್ಧಕ್ಕೆ ಯಾವ ಗಾಡಿ ಲೇಸು?

ಬಸಲಿಂಗ ತಳವಾರರದು ಯಾವತ್ತೂ ಶಕ್ತಿಮಾನ್.
ಹದಿನೇಳು ವರ್ಷ ಫೌಜಿನಲ್ಲಿ ಪಾನಾ ಹಿಡಿದವರು.
‘ಲೇಹದಾಗ ಮೈನಸ್ ಇಪ್ಪತ್ತೆಂಟು. ಡೀಸೆಲ್ ತುಪ್ಪದಂಗ ಹೆಪ್ಪುಗಟ್ಟತಿತ್ತು.
ನಸಕಿನ್ಯಾಗ ಎದ್ದು ಇಂಜಿನ್ ಕೆಳಗ ಬೆಂಕಿ ಹಾಕತಿದ್ವಿ,
ಬಾಣಂತಿ ಹೊರಸಿನ ಕೆಳಗ ಕೆಂಡ ಇಟ್ಟಂಗ.
ಮೂರನೇ ಸೆಲ್ಫಿಗೆ ಕೆಮ್ಮಿ, ಬೈದು,
ಎದ್ದು ನಿಂತs ಬಿಡತಿತ್ತು ನೋಡು.’

ಗುಲ್ ಮರ್ಜಾನ್ ನಗುತ್ತಾನೆ. ಖೋಸ್ತಿನವನು.
ಚಳಿ ಒಳ್ಳೆಯ ಶತ್ರುವಂತೆ, ಎದುರಿಗೇ ಬರುತ್ತದಂತೆ;
ಧೂಳು ಮಾತ್ರ ನೆಂಟನ ಹಾಗೆ
ಒಳಗೆ ಬಂದು, ಕೂತು, ಮೆಲ್ಲಗೆ ತಿನ್ನುತ್ತದಂತೆ.
ಅವನಪ್ಪನ ಬಳಿ ರಷ್ಯದವರು ಬಿಟ್ಟು ಓಡಿದ ಒಂದು ಲಾರಿ,
ಅದಕ್ಕೆ ಬೂಟಿನ ಚರ್ಮದ ಗ್ಯಾಸ್ಕೆಟ್ಟು,
ಮದುವೆ ಪಾತ್ರೆ ಕೊಯ್ದು ಹೊಡೆದ ತೇಪೆ.
‘ಕೆಡುತ್ತಿತ್ತು, ವಾರಕ್ಕೆರಡು ಸಲ.
ಕೆಟ್ಟ ಜಾಗದಲ್ಲೇ ಸುತ್ತಿಗೆಯೊಂದರಲ್ಲಿ ರಿಪೇರಿಯೂ ಆಗುತ್ತಿತ್ತು.
ನಂಬಿಕೆ ಅಂದರೆ ಇನ್ನೇನು ಭಾಯಿ?’

ಅಮೆರಿಕದ ಐದು ಟನ್ನಿನದಕ್ಕೂ ವಕೀಲರಿದ್ದಾರೆ ಅಂಗಳದಲ್ಲಿ:
ಐವತ್ತು ಡಿಗ್ರಿಯಲ್ಲೂ ಕುದಿಯದ ರೇಡಿಯೇಟರು,
ಮಡಕೆಯಷ್ಟು ದೊಡ್ಡ ಗಾಳಿಯ ಜರಡಿ.
ಬಿಚ್ಚಿ ಕೊಡವಿದರೆ ಗೋಧಿ ಹಿಟ್ಟಿನಂಥ ಮರಳು,
ಮೂವತ್ತು ವರ್ಷದ ಹಿಂದಿನದು, ಇನ್ನೂ ನುಣುಪು.
ಆದರೆ ಒಂದು ವೈರು ಸುಟ್ಟರೆ ಪುಸ್ತಕ ಬೇಕು,
ಪುಸ್ತಕಕ್ಕೆ ಸಾಹೇಬ ಬೇಕು,
ಸಾಹೇಬನಿಗೆ ಐಸ್ ನೀರು.

ನಾನು ವೇಬ್ರಿಜ್ಜಿನ ಗುಮಾಸ್ತ, ಕುಮಟಾದವನು.
ನನ್ನ ಚೀಟಿಯಲ್ಲಿ ಹಿಮಕ್ಕೂ ಸೆಕೆಗೂ ಕಾಲಮ್ಮಿಲ್ಲ.
ಬೆಡ್‌ಫರ್ಡು, ನಾಲ್ಕು ಸಾವಿರದ ಮುನ್ನೂರು ಕಿಲೊ.
ಜಿಲ್ಲು, ಆರು ಸಾವಿರದ ಚಿಲ್ಲರೆ, ಚಕ್ರ ಬಿಟ್ಟು.
ಗೆದ್ದವರ ಕಬ್ಬಿಣಕ್ಕೂ ಸೋತವರ ಕಬ್ಬಿಣಕ್ಕೂ
ಕಿಲೊಗೆ ಅಷ್ಟೇ ಫಿಲ್ಸು.

ಈ ಜಗಳದಲ್ಲಿ ಬಾಯಿ ಹಾಕದವನು ಅಬು ಹಾತಿಮ್,
ಬಸ್ರಾದ ಮುದುಕ, ನಮಗೆಲ್ಲ ಚಹಾ ಕಾಸುವವನು.
ಜುಲೈನ ಒಂದು ಮಧ್ಯಾಹ್ನ, ಗಾಳಿ ಪೂರಾ ನಿಂತಾಗ,
ಲೋಟ ತೊಳೆಯುತ್ತಲೇ ಕೇಳಿದ:
‘ಲೇಸು ಯಾರಿಗೆ?’

ಅವನೂ ಡ್ರೈವರನಾಗಿದ್ದನಂತೆ, ಇದೇ ಊರಿಗೆ ಬಂದ ಸೈನ್ಯದಲ್ಲಿ.
ಓಡಿ ಹೋಗಿ ಎಂಬ ಹುಕುಂ ಬಂದ ರಾತ್ರಿ
ಎಣ್ಣೆ ಬಾವಿಗಳು ಉರಿದು ಮಳೆಯೂ ಕಪ್ಪಾಗಿತ್ತಂತೆ.
ಸಾಲಿನಲ್ಲಿ ಮೂವತ್ತೊಂದು ಗಾಡಿ, ಎಲ್ಲ ಒಂದೇ ಹೊಡೆತಕ್ಕೆ ಸ್ಟಾರ್ಟು.
ಇವನದರ ಪೆಟ್ರೋಲಿನಲ್ಲಿ ಯಾರೋ ನೀರು ಬೆರೆಸಿ ಮಾರಿದ್ದರು.
ಬಾನೆಟ್ಟಿಗೆ ಗುದ್ದಿದ, ತಾಯಿಯಾಣೆ ಹಾಕಿದ, ಅತ್ತ.
ಕೊನೆಗೆ ಬೀಗದ ಕೈ ಅದರಲ್ಲೇ ಬಿಟ್ಟು
ರಸ್ತೆ ಬಿಟ್ಟು, ಮರಳಿಗಿಳಿದು ನಡೆದ.
ನಂಬಿಕಸ್ಥ ಗಾಡಿಗಳು ಮೂವತ್ತೂ
ಗುಡ್ಡದ ದಾರಿ ಹತ್ತಿದವು.
ವಿಮಾನಗಳು ಅಲ್ಲೇ ಕಾಯುತ್ತಿದ್ದವು.

ತಳವಾರರು ಬೀಡಿ ಹಚ್ಚಲಿಲ್ಲ.
ನನ್ನನ್ನು ಕೇಳಿದರು, ಏನಂದ ಅಂವ?
ನನ್ನ ಮುರುಕು ಅರಬಿಯಿಂದ ಕನ್ನಡಕ್ಕೆ ತಂದೆ:
‘ನನ್ನ ಗಾಡಿ ಕೈಕೊಟ್ಟಿತು’ ಅಂದ.
ಅಂದಮೇಲೆ ನನಗೇ ಆ ಮಾತು ಕೇಳಿಸಿತು.
ಕೈ ಕೊಟ್ಟಿತು.

ನಾಲ್ಕಕ್ಕೆ ಸೈರನ್ ಕೂಗಿತು.
ಆ ದಿನದ ಪಾಳಿ, ನಮ್ಮ ತಲೆಯ ಮೇಲಿನ ಲಾರಿಯದೇ.
ಕ್ರೇನು ಎತ್ತಿಕೊಂಡಿತು, ಸರಪಳಿ ಕಿರುಗುಟ್ಟಿತು,
ಐದು ಸಾವಿರದ ಎಂಟುನೂರಾ ನಲವತ್ತು ಎಂದು ಬರೆದೆ.
ತಿರುಗಿ ನೋಡಿದರೆ
ನೆರಳಿದ್ದಲ್ಲಿ ಚಾಪೆ ಒಂದೇ, ಬಿಸಿಲಿನಲ್ಲಿ,
ಅದರ ಮೇಲೆ ನಾಲ್ಕು ಲೋಟ.